ನೆಲದ ಅರಿವು, ಬರಹದ ಶಿಸ್ತು: ವ್ಯಾಲೇಸ್ ಸ್ಟೆಗ್ನರ್ ಅವರ ಬದುಕು

ಸೃಜನಶೀಲ ಬರವಣಿಗೆಯನ್ನು ತರಗತಿಯಲ್ಲಿ ಕಲಿಸಬಹುದೇ ಎಂಬ ಪ್ರಶ್ನೆ ಸಾಹಿತ್ಯ ವಿಭಾಗಗಳಲ್ಲಿ ಮತ್ತೆ ಮತ್ತೆ ಏಳುವಂಥದು. ಪರಿಸರ ಪ್ರಜ್ಞೆಯನ್ನು ಸಾಹಿತ್ಯದ ಅಧ್ಯಯನದೊಳಕ್ಕೆ ತರುವುದು ಹೇಗೆ ಎಂಬುದು ಅದರ ಜೊತೆಗೇ ಬಂದ ಇನ್ನೊಂದು ಪ್ರಶ್ನೆ. ಈ ಎರಡನ್ನೂ ಒಂದೇ ಬದುಕಿನಲ್ಲಿ ಎದುರಿಸಿದವರು ಅಮೆರಿಕದ ಕಾದಂಬರಿಕಾರ, ಇತಿಹಾಸಕಾರ ಮತ್ತು ಅಧ್ಯಾಪಕ ವ್ಯಾಲೇಸ್ ಸ್ಟೆಗ್ನರ್ (1909–1993). ಅವರ ಮಟ್ಟಿಗೆ ಪರಿಸರವು ಬರಹಕ್ಕೆ ಹೊರಗಿನಿಂದ ಒದಗಿದ ವಸ್ತುವಾಗಿರಲಿಲ್ಲ; ಒಂದು ನೆಲವನ್ನು ನಿಖರವಾಗಿ ಅರಿಯುವುದು ಬರಹಗಾರನ ಶಿಕ್ಷಣದ ಭಾಗವೇ ಆಗಿತ್ತು. ಈ ನಿಲುವು ರೂಪುಗೊಂಡ ಬಗೆಯನ್ನೂ ಅದರ ಮಿತಿಯನ್ನೂ ಅವರ ಜೀವನ ವೃತ್ತಾಂತವೇ ತೋರಿಸಿಕೊಡುತ್ತದೆ.

ಸ್ಟೆಗ್ನರ್ 1909ರ ಫೆಬ್ರವರಿ 18ರಂದು ಅಯೋವಾ ರಾಜ್ಯದ ಲೇಕ್ ಮಿಲ್ಸ್‌ನಲ್ಲಿ ಜನಿಸಿದರು. ತಂದೆ ಜಾರ್ಜ್ ದಿಢೀರ್ ಸಂಪತ್ತನ್ನು ಅರಸಿ ಊರಿಂದೂರಿಗೆ ಅಲೆಯುವ ಸ್ವಭಾವದವರು. ತಾಯಿ ಹಿಲ್ಡಾ ಒಂದೆಡೆ ನೆಲೆಯೂರಲು ಹಂಬಲಿಸಿದವರು. 1914ರಲ್ಲಿ ಕುಟುಂಬ ಕೆನಡಾದ ಸಸ್ಕಾಚುವಾನ್ ಪ್ರಾಂತದ ಈಸ್ಟೆಂಡ್ ಎಂಬ ಹೊಸ ಊರಿಗೆ ಬಂದಿತು. ಚಳಿಗಾಲವೆಲ್ಲ ಊರಿನಲ್ಲಿ, ಬೇಸಿಗೆಯೆಲ್ಲ ಅಮೆರಿಕದ ಗಡಿಗೆ ಹೊಂದಿದ ಹೊಲದಲ್ಲಿ. ಮರವಿಲ್ಲದ ಆ ಬಯಲಿನಲ್ಲಿ ತಂದೆ ಗೋಧಿ ಬಿತ್ತಿದರು. ಮೊದಲು ಬೆಳೆ ಕೈಗೆ ಬಂದರೂ ಮುಂದಿನ ವರ್ಷಗಳಲ್ಲಿ ಮಳೆ ಕೈಕೊಟ್ಟಿತು. 1920ರಲ್ಲಿ ಹೊಲ, ಮನೆ ಎರಡನ್ನೂ ಬಿಟ್ಟು ಹೊರಟ ಕುಟುಂಬ ಮುಂದೆ ಯೂಟಾದ ಸಾಲ್ಟ್ ಲೇಕ್ ಸಿಟಿಯನ್ನು ಸೇರಿತು. ಪಾನನಿಷೇಧದ ಕಾಲದಲ್ಲಿ ಕಳ್ಳಭಟ್ಟಿಯ ವ್ಯವಹಾರಕ್ಕಿಳಿದ ತಂದೆಯಿಂದಾಗಿ ಅಲ್ಲಿಯೂ ಮನೆಯಿಂದ ಮನೆಗೆ ಬದಲಾಯಿಸುವುದು ತಪ್ಪಲಿಲ್ಲ. ಒಣಗಿದ ಹೊಲ ಮತ್ತು ಬೇರೂರದ ಮನೆ, ಇವೆರಡೂ ಸ್ಟೆಗ್ನರ್ ಅವರ ಚಿಂತನೆಯ ಮೂಲದ್ರವ್ಯಗಳಾದವು.

1930ರಲ್ಲಿ ಯೂಟಾ ವಿಶ್ವವಿದ್ಯಾಲಯದಿಂದ ಪದವಿ ಪಡೆದ ಅವರು ಸ್ನಾತಕೋತ್ತರ ಅಧ್ಯಯನಕ್ಕೆಂದು ಅಯೋವಾ ವಿಶ್ವವಿದ್ಯಾಲಯಕ್ಕೆ ಹೋದರು. ಅದು ಆರ್ಥಿಕ ಮಹಾಕುಸಿತದ ಕಾಲ. ಅಲ್ಲಿ ಸಾಹಿತ್ಯ ವಿಭಾಗವನ್ನು ನಡೆಸುತ್ತಿದ್ದ ನಾರ್ಮನ್ ಫೊರ್ಸ್ಟರ್ ಅಮೆರಿಕನ್ ಸಾಹಿತ್ಯದಲ್ಲಿ ನಿಸರ್ಗದ ನೆಲೆಯನ್ನು ಕುರಿತು 1923ರಲ್ಲಿಯೇ ಗ್ರಂಥ ರಚಿಸಿದ್ದ ವಿದ್ವಾಂಸರು. ಸಂಶೋಧನ ಪ್ರಬಂಧಕ್ಕೆ ಬದಲಾಗಿ ಸೃಜನಶೀಲ ಕೃತಿಯನ್ನೂ ಪದವಿಗೆ ಸ್ವೀಕರಿಸುವ ಹೊಸ ಪದ್ಧತಿ ಅಲ್ಲಿ ಆಗಷ್ಟೇ ಚಿಗುರುತ್ತಿತ್ತು. ಸ್ಟೆಗ್ನರ್ ಸಣ್ಣ ಕಥೆಗಳನ್ನೇ ಒಪ್ಪಿಸಿ 1932ರಲ್ಲಿ ಎಂ.ಎ. ಪಡೆದರು. ಆದರೆ ಡಾಕ್ಟರೇಟಿಗೆ ಅವರು ಬೇರೆಯದೇ ಹಾದಿ ಹಿಡಿಯಬೇಕಾಯಿತು. ಕೊಲರಾಡೋ ನದಿಯ ಕಣಿವೆಗಳನ್ನು ವರ್ಣಿಸಿದ ಭೂವಿಜ್ಞಾನಿ ಕ್ಲಾರೆನ್ಸ್ ಡಟನ್ ಅವರ ಬರಹಗಳನ್ನು ಕುರಿತ ಪ್ರಬಂಧಕ್ಕೆ 1935ರಲ್ಲಿ ಪಿಎಚ್.ಡಿ. ದೊರೆಯಿತು. ಒಂದೇ ಸಂಸ್ಥೆಯಲ್ಲಿ ಕಥನಕಲೆಯನ್ನೂ ಶಿಲಾಪದರಗಳನ್ನು ಓದುವ ವಿಜ್ಞಾನಿಯ ಗದ್ಯವನ್ನೂ ಅಭ್ಯಾಸಮಾಡಿದ್ದು ಅವರ ಮುಂದಿನ ಬರವಣಿಗೆಗೆ ಅಡಿಪಾಯವಾಯಿತು. ಈ ನಡುವೆ 1933ರಲ್ಲಿ ತಾಯಿ ಕ್ಯಾನ್ಸರಿನಿಂದ ತೀರಿಕೊಂಡರು. 1934ರಲ್ಲಿ ಮೇರಿ ಪೇಜ್ ಅವರೊಡನೆ ವಿವಾಹವಾಯಿತು.

ಯೂಟಾ, ವಿಸ್ಕಾನ್ಸಿನ್, ಹಾರ್ವರ್ಡ್ ವಿಶ್ವವಿದ್ಯಾಲಯಗಳಲ್ಲಿ ಅಧ್ಯಾಪನ ನಡೆಸುತ್ತಲೇ ಅವರು ಕಾದಂಬರಿಗಳನ್ನು ಬರೆದರು. 1943ರಲ್ಲಿ ಪ್ರಕಟವಾದ ದಿ ಬಿಗ್ ರಾಕ್ ಕ್ಯಾಂಡಿ ಮೌಂಟನ್ ತಂದೆಯ ಅಲೆದಾಟವನ್ನೂ ತಾಯಿಯ ಸಂಕಟವನ್ನೂ ಕಥೆಯಾಗಿಸಿತು. ಆದರೆ ತಂದೆಯ ಹೊಲ ಒಣಗಿದ್ದು ಏಕೆ ಎಂಬ ಪ್ರಶ್ನೆಗೆ ವ್ಯಕ್ತಿಸ್ವಭಾವದ ಆಚೆಗೂ ಒಂದು ಉತ್ತರವಿತ್ತು. ಅದನ್ನು ಅವರು ಕಂಡುಕೊಂಡದ್ದು ಡಟನ್ ಅವರ ಹಿರಿಯ ಸಹೋದ್ಯೋಗಿ ಜಾನ್ ವೆಸ್ಲಿ ಪೊವೆಲ್ ಅವರಲ್ಲಿ. ಅಮೆರಿಕದ ನೂರನೆಯ ರೇಖಾಂಶದ ಪಶ್ಚಿಮಕ್ಕೆ ಬಹುಭಾಗದಲ್ಲಿ ವರ್ಷಕ್ಕೆ 20 ಅಂಗುಲಕ್ಕಿಂತ ಕಡಿಮೆ ಮಳೆ. ಅಲ್ಲಿ ನೀರಾವರಿಯಿಲ್ಲದ ಬೇಸಾಯ ನೆಚ್ಚಿಕೊಳ್ಳುವಂಥದಲ್ಲ. ಎಲ್ಲರಿಗೂ 160 ಎಕರೆ ಹಂಚುವ ಕಾಯಿದೆ ಆ ನೆಲಕ್ಕೆ ಸಲ್ಲದು. ನೀರಾವರಿಗೆ 80 ಎಕರೆ, ಹುಲ್ಲುಗಾವಲಿಗೆ 2,560 ಎಕರೆ ಎಂದು ಪೊವೆಲ್ 1878ರಲ್ಲಿಯೇ ಸೂಚಿಸಿದ್ದರು. ಆ ಮಾತನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. 1954ರಲ್ಲಿ ಸ್ಟೆಗ್ನರ್ ಬರೆದ ಪೊವೆಲ್ ಚರಿತ್ರೆ, ಬಿಯಾಂಡ್ ದ ಹಂಡ್ರೆಡ್ತ್ ಮೆರಿಡಿಯನ್, ಶುಷ್ಕತೆಯನ್ನೇ ಪಶ್ಚಿಮದ ಚರಿತ್ರೆಯ ಕೇಂದ್ರಸತ್ಯವಾಗಿ ಸ್ಥಾಪಿಸಿತು. ಬಾಲ್ಯದ ಸೋಲು ಇಲ್ಲಿ ಶಾಸ್ತ್ರವಾಯಿತು.

1945ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯಕ್ಕೆ ಬಂದ ಸ್ಟೆಗ್ನರ್ ಮರುವರ್ಷ ಅಲ್ಲಿ ಸೃಜನಶೀಲ ಬರವಣಿಗೆಯ ಅಧ್ಯಯನಕ್ರಮವನ್ನು ಆರಂಭಿಸಿದರು. ಯುದ್ಧ ಮುಗಿಸಿ ಸರ್ಕಾರದ ನೆರವಿನಿಂದ ಓದಲು ಬಂದ ಸೈನಿಕರಲ್ಲಿ ಹೇಳಲೇಬೇಕಾದ ಅನುಭವವಿತ್ತು; ಹೇಳುವ ಶಿಸ್ತು ಬೇಕಾಗಿತ್ತು. ವಿಭಾಗದ ಮುಖ್ಯಸ್ಥರ ಸಹೋದರ, ಟೆಕ್ಸಾಸಿನ ತೈಲೋದ್ಯಮಿ ಇ. ಎಚ್. ಜೋನ್ಸ್ ಶಿಷ್ಯವೇತನಗಳಿಗೆ ಧನ ಒದಗಿಸಿದರು. ಪ್ರತಿಭೆಯನ್ನು ಯಾರೂ ಕಲಿಸಲಾರರು, ಆದರೆ ಅದು ಹದಗೊಳ್ಳಲು ಕಾಲ, ಹಣ, ಸಹಓದುಗರ ನಿಷ್ಠುರ ವಿಮರ್ಶೆ ಇವನ್ನು ವಿಶ್ವವಿದ್ಯಾಲಯ ಒದಗಿಸಬಲ್ಲದು ಎಂಬುದು ಅವರ ನಂಬಿಕೆಯಾಗಿತ್ತು. ಆ ತರಗತಿಗಳಿಂದ ಬಂದವರಲ್ಲಿ ಎಡ್ವರ್ಡ್ ಆ್ಯಬಿ ಮರುಭೂಮಿಯ ಬರಹಗಾರರಾಗಿ ಹೆಸರಾದರು. ವೆಂಡೆಲ್ ಬೆರಿ ಕೆಂಟಕಿಯ ತಮ್ಮ ಸೀಮೆಗೆ ಮರಳಿ ಉಳುಮೆ ಮತ್ತು ಬರವಣಿಗೆಯನ್ನು ಜೊತೆಜೊತೆಯಾಗಿ ನಡೆಸಿದರು. ಎಲ್ಲರೂ ಗುರುವಿನ ಹಾದಿ ಹಿಡಿಯಲಿಲ್ಲ. ಕೆನ್ ಕೀಸಿಯವರ ಬಂಡಾಯದ ಜೀವನಕ್ರಮ ಸ್ಟೆಗ್ನರ್ ಅವರಿಗೆ ಕಡೆಗೂ ಒಗ್ಗಲಿಲ್ಲ. 1960ರ ದಶಕದ ವಿದ್ಯಾರ್ಥಿ ಚಳವಳಿಗಳ ನಡುವೆ ಬೇಸತ್ತ ಅವರು 1971ರಲ್ಲಿ ನಿವೃತ್ತರಾದರು.

ಬರವಣಿಗೆ ತರಗತಿಯಿಂದ ಹೊರಕ್ಕೆ ಬಂದು ನೆಲವನ್ನು ಕಾಯಬಲ್ಲುದೇ ಎಂಬ ಪರೀಕ್ಷೆ ಅವರಿಗೆ ಒದಗಿದ್ದು ಎಕೋ ಪಾರ್ಕ್ ಅಣೆಕಟ್ಟಿನ ವಿವಾದದಲ್ಲಿ. ಯೂಟಾ ಮತ್ತು ಕೊಲರಾಡೋ ರಾಜ್ಯಗಳ ನಡುವಿನ ಡೈನೊಸಾರ್ ರಾಷ್ಟ್ರೀಯ ಸ್ಮಾರಕದೊಳಗಿನ ಕಣಿವೆ ಮುಳುಗುವುದರಲ್ಲಿತ್ತು. 1955ರಲ್ಲಿ ಸ್ಟೆಗ್ನರ್ ಸಂಪಾದಿಸಿದ ದಿಸ್ ಈಸ್ ಡೈನೊಸಾರ್ ಎಂಬ ಗ್ರಂಥ ಅಮೆರಿಕದ ಸಂಸತ್ ಸದಸ್ಯರ ಕೈಸೇರಿತು. 1956ರ ಶಾಸನ ಆ ಅಣೆಕಟ್ಟನ್ನು ಕೈಬಿಟ್ಟಿತು. ಆದರೆ ಅದೇ ಶಾಸನ ಗ್ಲೆನ್ ಕಣಿವೆಯ ಅಣೆಕಟ್ಟಿಗೆ ಒಪ್ಪಿಗೆ ನೀಡಿತ್ತು. 1947ರಲ್ಲಿ ತಾವು ದೋಣಿಯಲ್ಲಿ ಸಾಗಿದ್ದ ಆ ಕಣಿವೆ 1963ರಿಂದ ನೀರಿನಡಿ ಸೇರತೊಡಗಿದ್ದನ್ನು ಅವರು ಕಂಡರು. ಗೆಲುವಿನೊಳಗೇ ಸೇರಿಕೊಂಡಿದ್ದ ಈ ನಷ್ಟವನ್ನು ಅವರ ಮುಂದಿನ ಪ್ರಬಂಧಗಳು ಮರೆಮಾಚಲಿಲ್ಲ.

1960ರ ಡಿಸೆಂಬರ್ 3ರಂದು ಸಂಶೋಧಕ ಡೇವಿಡ್ ಪೆಸೊನೆನ್ ಅವರಿಗೆ ಅವರು ಬರೆದ ಪತ್ರ ವೈಲ್ಡರ್ನೆಸ್ ಲೆಟರ್ ಎಂದು ಪ್ರಸಿದ್ಧವಾಯಿತು. ಕಾಡಿಗೆ ಹೋಗದವನಿಗೂ ಕಾಡು ಉಳಿದಿದೆ ಎಂಬ ಅರಿವು ಮನೋಧೈರ್ಯ ನೀಡುತ್ತದೆ. ಮರಮುಟ್ಟು, ವಿಹಾರಗಳ ಲೆಕ್ಕಕ್ಕೆ ಸಿಗದ ಆ ಮೌಲ್ಯವನ್ನೂ ರಾಷ್ಟ್ರ ಪರಿಗಣಿಸಬೇಕು ಎಂಬುದು ಅದರ ತಿರುಳು. 1964ರಲ್ಲಿ ಜಾರಿಗೆ ಬಂದ ವನ್ಯಪ್ರದೇಶ ಕಾಯಿದೆಯ ಹಿಂದಿನ ಚಿಂತನೆಗೆ ಈ ಪತ್ರವೂ ಬಲ ನೀಡಿತು. ಆರಂಭದಲ್ಲಿ ಸುಮಾರು 91 ಲಕ್ಷ ಎಕರೆ ನೆಲ ಆ ಕಾಯಿದೆಯ ರಕ್ಷಣೆಗೆ ಒಳಪಟ್ಟಿತು.

ನೆಲದ ವಿಷಯದಲ್ಲಿ ಇಷ್ಟು ನಿಷ್ಠರಾಗಿದ್ದ ಲೇಖಕರು ಮನುಷ್ಯರ ದಾಖಲೆಯ ವಿಷಯದಲ್ಲಿ ಆಕ್ಷೇಪಕ್ಕೆ ಗುರಿಯಾದರು. ಆ್ಯಂಗಲ್ ಆಫ್ ರಿಪೋಸ್ (1971) ಕಾದಂಬರಿಗೆ 1972ರಲ್ಲಿ ಪುಲಿಟ್ಜರ್ ಪ್ರಶಸ್ತಿ ಬಂದಿತು. ಅದರ ನಾಯಕಿಯ ಮೂಲವ್ಯಕ್ತಿ ಲೇಖಕಿ, ಚಿತ್ರಕಾರ್ತಿ ಮೇರಿ ಹ್ಯಾಲಕ್ ಫೂಟ್. ಆಕೆಯ ಪತ್ರಗಳ ಭಾಗಗಳನ್ನು ಸ್ಟೆಗ್ನರ್ ಇದ್ದಂತೆಯೇ ಬಳಸಿದ್ದರು. ಆಕೆಯ ಬದುಕಿನಲ್ಲಿ ನಡೆಯದ ಘಟನೆಗಳನ್ನೂ ಕಥೆಗೆ ಸೇರಿಸಿದ್ದರು. ವಂಶಸ್ಥರೊಬ್ಬರ ಅನುಮತಿ ಇದ್ದು, ಹೆಸರನ್ನು ಸೂಚಿಸದಿರುವ ಒಪ್ಪಂದವೂ ಇದ್ದಿತಾದರೂ ಕುಟುಂಬದ ಇತರರು ನೊಂದರು. ಬರಹದ ಸ್ವಾತಂತ್ರ್ಯ ಎಲ್ಲಿ ಕೊನೆಗೊಳ್ಳುತ್ತದೆ, ಮತ್ತೊಬ್ಬರ ಬದುಕಿಗೆ ಸಲ್ಲಬೇಕಾದ ಗೌರವ ಎಲ್ಲಿ ಮೊದಲಾಗುತ್ತದೆ ಎಂಬ ಚರ್ಚೆಗೆ ಈ ಕಾದಂಬರಿ ಇಂದಿಗೂ ನಿದರ್ಶನವಾಗಿದೆ. ನೆಲದ ಮೇಲೆ ಹಕ್ಕು ಸಾಧಿಸುವ ದುರಾಸೆಯನ್ನು ಜೀವಮಾನವಿಡೀ ಖಂಡಿಸಿದವರ ಕೃತಿಯ ಬಗೆಗೇ ಈ ಪ್ರಶ್ನೆ ಎದ್ದದ್ದು ಗಮನಾರ್ಹ.

1992ರಲ್ಲಿ ಕಲೆಯ ಮೇಲಿನ ರಾಜಕೀಯ ಒತ್ತಡವನ್ನು ಪ್ರತಿಭಟಿಸಿ ಸ್ಟೆಗ್ನರ್ ರಾಷ್ಟ್ರೀಯ ಕಲಾಪದಕವನ್ನು ನಿರಾಕರಿಸಿದರು. ಸಾಂತಾ ಫೆ ನಗರದಲ್ಲಿ ಸಂಭವಿಸಿದ ಕಾರು ಅಪಘಾತದಲ್ಲಿ ಗಾಯಗೊಂಡು 1993ರ ಏಪ್ರಿಲ್ 13ರಂದು ನಿಧನರಾದರು. ಸ್ಟ್ಯಾನ್‌ಫರ್ಡಿನ ಶಿಷ್ಯವೇತನ ಅವರ ಹೆಸರನ್ನು ಹೊತ್ತಿದೆ. ಪರಿಸರ ಸಾಹಿತ್ಯವೆಂಬುದು ಇಂದು ಸ್ನಾತಕೋತ್ತರ ತರಗತಿಗಳಲ್ಲಿ ಪ್ರತ್ಯೇಕ ವಿಷಯವಾಗಿ ಬೆಳೆದಿದೆ. ಕಾಡಿನ ಬಗ್ಗೆ ಭಾವುಕವಾಗಿ ಬರೆಯುವುದು ಸುಲಭ. ಮಳೆಯ ಅಂಗುಲವನ್ನೂ ಕಲ್ಲಿನ ಪದರವನ್ನೂ ಕಾಯಿದೆಯ ಕಲಮನ್ನೂ ಬಲ್ಲವನ ವಾಕ್ಯಕ್ಕೆ ಬರುವ ಬಲ ಬೇರೆ. ಆ ಬಲವನ್ನು ವಿದ್ಯಾರ್ಥಿ ಓದಿನಿಂದ, ಓಡಾಟದಿಂದ, ತಿದ್ದುಪಡಿಯಿಂದ ಗಳಿಸಿಕೊಳ್ಳಬಹುದು ಎಂಬುದಕ್ಕೆ ಸ್ಟೆಗ್ನರ್ ಅವರ ಬದುಕು ಆಧಾರವಾಗಿ ನಿಲ್ಲುತ್ತದೆ.