ಆನೆಯ ಹುಡುಗ ಸಾಬು

ಚಲನಚಿತ್ರ ನಟನೊಬ್ಬನ ಜೀವನ ಕಾಲೇಜಿನ ವಾರ್ಷಿಕ ಸಂಚಿಕೆಗೆ ತಕ್ಕ ವಸ್ತುವೇ ಎಂದು ಕೆಲವರು ಹುಬ್ಬೇರಿಸಬಹುದು. ಆದರೆ ನಮ್ಮ ನಾಡಿನ ಮಾವುತನ ಮಗನೊಬ್ಬ ಹದಿಮೂರನೆಯ ವಯಸ್ಸಿಗೆ ಲೋಕಪ್ರಸಿದ್ಧನಾದ ಕಥೆಯನ್ನು ನಾವೇ ಮರೆತರೆ ನೆನೆಯುವವರಾರು?

ಸಾಬು ಹುಟ್ಟಿದುದು ೧೯೨೪ರಲ್ಲಿ, ಹೆಗ್ಗಡದೇವನಕೋಟೆ ತಾಲ್ಲೂಕಿನ ಕಾರಾಪುರದಲ್ಲಿ. ಕಪಿಲೆಯ ದಡದ ಆ ಸೀಮೆ ಕಾಕನಕೋಟೆಯ ಖೆಡ್ಡಾಗಳಿಗೆ ಹೆಸರಾದುದು. ಕಾಡಾನೆಗಳ ಹಿಂಡನ್ನು ದಿಮ್ಮಿಗಳ ಆವರಣದೊಳಕ್ಕೆ ಅಟ್ಟಿ ಹಿಡಿಯುವ ಆ ಪದ್ಧತಿ ೧೯೭೧ರವರೆಗೂ ನಡೆಯಿತು. ತಂದೆ ಮೈಸೂರು ಮಹಾರಾಜರ ಮಾವುತ. ಎಳೆಯ ವಯಸ್ಸಿನಲ್ಲೇ ತಂದೆಯನ್ನು ಕಳೆದುಕೊಂಡ ಸಾಬುವಿಗೆ ಅರಮನೆಯ ಆನೆಲಾಯವೇ ಆಶ್ರಯವಾಯಿತು.

ಕಿಪ್ಲಿಂಗರ ಕಥೆಯೊಂದನ್ನು ಚಿತ್ರಿಸಲು ೧೯೩೫ರಲ್ಲಿ ರಾಬರ್ಟ್ ಫ್ಲಾಹರ್ಟಿ ಮೈಸೂರಿಗೆ ಬಂದರು. ಹಿಮಪ್ರದೇಶದ ಎಸ್ಕಿಮೋ ಜನರ ಬಾಳನ್ನು ಅವರ ನಡುವೆಯೇ ಇದ್ದು ಚಿತ್ರಿಸಿ, ೧೯೨೨ರಲ್ಲಿ ಕೀರ್ತಿ ಪಡೆದಿದ್ದವರು ಅವರು. ಅವರ ಛಾಯಾಗ್ರಾಹಕ ಬೊರಡೇಲರ ಕಣ್ಣಿಗೆ ಈ ಹುಡುಗ ಬಿದ್ದನು. ಮೈಸೂರಿನ ಕಾಡುಗಳಲ್ಲಿಯೂ ಬಳಿಕ ಇಂಗ್ಲೆಂಡಿನ ಸ್ಟುಡಿಯೋದಲ್ಲಿಯೂ ತಯಾರಾದ ‘ಎಲಿಫೆಂಟ್ ಬಾಯ್’ ೧೯೩೭ರಲ್ಲಿ ವೆನಿಸ್ಸಿನ ಚಿತ್ರೋತ್ಸವದಲ್ಲಿ ನಿರ್ದೇಶನದ ಬಹುಮಾನ ಪಡೆಯಿತು.

ನನಗೆ ಸಾಬುವಿನ ಪರಿಚಯವಾದುದು ಈ ಚಿತ್ರದಿಂದಲೇ. ಕಳೆದ ಬೇಸಗೆಯ ರಜೆಯಲ್ಲಿ ನನ್ನ ಊರಾದ ಚನ್ನಗಿರಿ ತಾಲ್ಲೂಕಿನ ನಲ್ಲೂರಿನಲ್ಲಿ ನಾವು ಕೆಲವು ಗೆಳೆಯರು ಸೇರಿ, ಒಂದು ಸಂಜೆ ಬಯಲಿನಲ್ಲಿ ಬಿಳಿಯ ಬಟ್ಟೆ ಕಟ್ಟಿ ಅದನ್ನು ತೋರಿಸಿದೆವು. ಮಾತು ಇಂಗ್ಲಿಷಿನದಾದುದರಿಂದ, ಮೂಕಿಚಿತ್ರಗಳ ಕಾಲದವರಂತೆ ತೆರೆಯ ಪಕ್ಕದಲ್ಲಿ ನಿಂತು ಕಥೆ ಹೇಳುವ ಹೊಣೆ ನನ್ನ ಪಾಲಿಗೆ ಬಂತು. ಚಿತ್ರದ ಆರಂಭದಲ್ಲಿ ಸಾಬುವೇ ನಮ್ಮತ್ತ ನೋಡುತ್ತ ಕಥೆಗೆ ತೊಡಗುತ್ತಾನೆ. ಮೈಸೂರು ಸೀಮೆಯ ಹುಡುಗ ಇಂಗ್ಲಿಷಿನಲ್ಲಿ ಹೇಳಿದುದನ್ನು ಕನ್ನಡದವರಿಗೆ ನಾನು ಕನ್ನಡದಲ್ಲಿ ಹೇಳಬೇಕಾಯಿತು! ಆದರೆ ಆತ ದೈತ್ಯಾಕಾರದ ಆನೆಯೊಡನೆ ಒಡಹುಟ್ಟಿದವನಂತೆ ಬೆರೆತುದನ್ನು ಕಂಡಮೇಲೆ ನನ್ನ ವಿವರಣೆ ಯಾರಿಗೂ ಬೇಕಾಗಲಿಲ್ಲ. ಚಿತ್ರ ಮುಗಿದಾಗ ಮುಂದೆ ಕುಳಿತಿದ್ದ ಅಜ್ಜಿಯೊಬ್ಬರು, ಆ ಮಗು ತನ್ನ ಊರಿಗೆ ಹಿಂದಿರುಗಿತೇ ಎಂದು ಕೇಳಿದರು. ಅದಕ್ಕೆ ಉತ್ತರವಾಗಿ ಆತನ ಮುಂದಿನ ಬಾಳನ್ನೆಲ್ಲ ಹೇಳಬೇಕಾಯಿತು.

ಅಣ್ಣನೊಡನೆ ಇಂಗ್ಲೆಂಡಿಗೆ ಹೋದ ಸಾಬು ಅಲ್ಲಿಯೇ ನಿಂತನು. ೧೯೪೦ರ ‘ಥೀಫ್ ಆಫ್ ಬಾಗ್ದಾದ್’ ಅವನ ಕೀರ್ತಿಯನ್ನು ಹೆಚ್ಚಿಸಿತು. ಯುದ್ಧದ ಕಾರಣ ಚಿತ್ರತಂಡದೊಡನೆ ಅಮೆರಿಕೆಗೆ ಹೋಗಿ, ೧೯೪೨ರ ‘ಜಂಗಲ್ ಬುಕ್’ನಲ್ಲಿ ಮೋಗ್ಲಿಯಾದನು. ೧೯೪೪ರಲ್ಲಿ ಅಮೆರಿಕೆಯ ಪೌರನಾಗಿ, ಬಾಂಬರ್ ವಿಮಾನದ ಬಾಲದಲ್ಲಿ ಕುಳಿತ ಗನ್ನರ್ ಆಗಿ ಪೆಸಿಫಿಕ್ ಸಾಗರದ ಯುದ್ಧದಲ್ಲಿ ಹೋರಾಡಿ ಶೌರ್ಯಪದಕ ಪಡೆದನು. ಆದರೆ ಯುದ್ಧದಿಂದ ಮರಳಿದ ವೀರನಿಗೆ ಚಿತ್ರಲೋಕ ಹೆಚ್ಚಾಗಿ ಕೊಟ್ಟುದು ಅದೇ ಮುಂಡಾಸು, ಅದೇ ಕಾಡು. ಹುಡುಗನನ್ನು ಮೆಚ್ಚಿದ ಜಗತ್ತಿಗೆ, ಬೆಳೆದ ಗಂಡಸಿಗೆ ತಕ್ಕ ಪಾತ್ರ ಹೊಳೆಯಲಿಲ್ಲ. ಮೆಹಬೂಬ್ ಖಾನರು ‘ಮದರ್ ಇಂಡಿಯಾ’ದಲ್ಲಿ ಆತನಿಗೆ ಪಾತ್ರ ಕೊಡಬೇಕೆಂದಿದ್ದರು, ಅದೂ ಕೈಗೂಡಲಿಲ್ಲ. ೧೯೬೩ರ ಡಿಸೆಂಬರ್ ೨ರಂದು, ಕೇವಲ ಮೂವತ್ತೊಂಬತ್ತನೆಯ ವಯಸ್ಸಿನಲ್ಲಿ, ಹೃದಯಾಘಾತದಿಂದ ತೀರಿಕೊಂಡ ಸಾಬುವಿನ ಸಮಾಧಿ ಕ್ಯಾಲಿಫೋರ್ನಿಯದಲ್ಲಿದೆ.

ಆ ಕಾಡಿನ ಒಂದು ಭಾಗ ಇಂದು ಕಬಿನಿ ಜಲಾಶಯದ ಅಡಿಯಲ್ಲಿದೆ, ಖೆಡ್ಡಾಗಳು ನಿಂತುಹೋಗಿವೆ. ಇದು ಆನೆಗಳಿಗೆ ಒಳ್ಳೆಯದೇ ಆಯಿತು. ಆದರೆ ಆ ಕಾಲದ ಕಾಡು, ಆನೆ, ಮಾವುತರ ಬದುಕು ಆ ಚಿತ್ರದಲ್ಲಿ ಉಳಿದಿವೆ. ಅದರೊಳಗಿನ ಹುಡುಗನ ಕಥೆಯನ್ನು ಇಷ್ಟು ದಿನ ಪರರು ತಮ್ಮ ಭಾಷೆಯಲ್ಲಿ ಹೇಳಿದರು. ಸಹಪಾಠಿಗಳೇ, ನಿಮ್ಮ ಊರಿನ ಬಯಲುಗಳಲ್ಲಿಯೂ ಒಂದು ಸಂಜೆ ಬಟ್ಟೆ ಕಟ್ಟಿ, ಅದನ್ನು ನಮ್ಮ ಭಾಷೆಯಲ್ಲಿ ಹೇಳಬಾರದೇಕೆ? ಸಾಬು ಊರಿಗೆ ಮರಳಲು ಉಳಿದಿರುವ ದಾರಿ ಅದೊಂದೇ ಎಂದು ನನಗೆ ತೋರುತ್ತದೆ.