ದಿಕ್ಕಿಲ್ಲದವರ ತಾಯಿಯಾದ ಪಂಡಿತೆ ರಮಾಬಾಯಿಯವರು

ಸಿಂಧನೂರು ಸೀಮೆಯ ಗದ್ದೆಗಳಿಗೆ ಕಾಲುವೆಯಲ್ಲಿ ಹರಿದು ಬರುವ ನೀರು ತುಂಗಭದ್ರೆಯದೆಂಬುದನ್ನು ಆರ್.ಎಚ್. ಕ್ಯಾಂಪುಗಳಲ್ಲಿಯೂ ಸುತ್ತಣ ಹಳ್ಳಿಗಳಲ್ಲಿಯೂ ಅರಿಯದವರಿಲ್ಲ. ಆ ತುಂಗೆಯೂ ಭದ್ರೆಯೂ ಹುಟ್ಟುವುದು ಪಶ್ಚಿಮ ಘಟ್ಟದ ಗಂಗಾಮೂಲವೆಂಬ ಅಡವಿಯಲ್ಲಿ. ಅದೇ ಅಡವಿಯಲ್ಲಿ 1858ನೆಯ ಇಸವಿ ಏಪ್ರಿಲ್ 23ರಂದು ಒಂದು ಹೆಣ್ಣುಕೂಸು ಹುಟ್ಟಿತು. ಅನ್ನವಿಲ್ಲದ, ಗಂಡನಿಲ್ಲದ, ಮನೆಯಿಲ್ಲದ ಸಾವಿರಾರು ಹೆಣ್ಣುಮಕ್ಕಳಿಗೆ ಮುಂದೆ ಆಶ್ರಯವಾದ ಪಂಡಿತೆ ರಮಾಬಾಯಿಯವರೇ ಆ ಕೂಸು. ಇವರ ಹೆಸರು ಮಹಾರಾಷ್ಟ್ರದಲ್ಲಿ ಹೆಚ್ಚಾಗಿ ಕೇಳಿಬರುವುದಾದರೂ ಇವರು ಹುಟ್ಟಿದ್ದು ನಮ್ಮ ಕನ್ನಡ ನಾಡಿನಲ್ಲಿಯೇ. ಕ್ರಿಸ್ತನನ್ನು ನಂಬುವುದಕ್ಕೂ ತುಳಿಯಲ್ಪಟ್ಟವರಿಗೆ ನ್ಯಾಯ ದೊರಕಿಸುವುದಕ್ಕೂ ಏನು ಸಂಬಂಧವೆಂದು ಕೇಳುವವರು ನಮ್ಮ ಸಭೆಗಳಲ್ಲಿಯೂ ಉಂಟು. ಈ ಅಮ್ಮನವರ ಜೀವಮಾನವೇ ಆ ಪ್ರಶ್ನೆಗೆ ಉತ್ತರವಾಗಿರುವುದರಿಂದ ಅದನ್ನು ಸಂಕ್ಷೇಪವಾಗಿ ಇಲ್ಲಿ ಬರೆಯುತ್ತೇವೆ.

ರಮಾಬಾಯಿಯವರ ತಂದೆ ಅನಂತ ಶಾಸ್ತ್ರಿ ಡೋಂಗ್ರೆಯವರು ಕಾರ್ಕಳದ ಬಳಿಯ ಮಾಳ ಗ್ರಾಮದವರು. ಸಂಸ್ಕೃತದಲ್ಲಿ ಘನ ಪಂಡಿತರು. ಹೆಂಗಸರಿಗೆ ವಿದ್ಯೆ ಸಲ್ಲದೆಂದು ಲೋಕವೆಲ್ಲಾ ಹೇಳುತ್ತಿದ್ದ ಆ ಕಾಲದಲ್ಲಿ ಅವರು ತಮ್ಮ ಹೆಂಡತಿ ಲಕ್ಷ್ಮೀಬಾಯಿಗೆ ಸಂಸ್ಕೃತವನ್ನು ಕಲಿಸಿದರು. ಇದು ದೊಡ್ಡ ಅಪರಾಧವೆಂದು ಎಣಿಸಲ್ಪಟ್ಟು ಅವರು ಉಡುಪಿಯಲ್ಲಿ ಶಾಸ್ತ್ರಿಗಳ ಸಭೆಯ ಮುಂದೆ ನಿಂತು ಉತ್ತರ ಕೊಡಬೇಕಾಯಿತು. ಶಾಸ್ತ್ರಾಧಾರಗಳಿಂದಲೇ ಅವರು ತಮ್ಮ ನಡತೆಯನ್ನು ಸಮರ್ಥಿಸಿಕೊಂಡರಾದರೂ ಜನರ ವಿರೋಧವು ತಗ್ಗದೆ ಇದ್ದುದರಿಂದ ಅಡವಿಯನ್ನು ಸೇರಿ ಗಂಗಾಮೂಲದಲ್ಲಿ ಮನೆ ಮಾಡಿದರು. ರಮಾಬಾಯಿಯು ಆರು ತಿಂಗಳ ಕೂಸಾಗಿದ್ದಾಗ ಕೈಯಲ್ಲಿದ್ದ ಹಣವೆಲ್ಲಾ ತೀರಿ, ಕುಟುಂಬವು ಆ ನೆಲೆಯನ್ನೂ ಬಿಟ್ಟು ತೀರ್ಥಯಾತ್ರೆಗೆ ಹೊರಟಿತು. ಕೂಸನ್ನು ಬೆತ್ತದ ಪೆಟ್ಟಿಗೆಯಲ್ಲಿ ಮಲಗಿಸಿ ಆಳೊಬ್ಬನು ತಲೆಯ ಮೇಲೆ ಹೊತ್ತು ಘಟ್ಟವನ್ನು ಇಳಿಸಿದನು. ಅಂದಿನಿಂದ ಇಪ್ಪತ್ತು ವರುಷಗಳ ತನಕ ಆಕೆಗೆ ನಿಂತ ಮನೆಯೆಂಬುದಿರಲಿಲ್ಲ.

ದೇವಾಲಯದಿಂದ ದೇವಾಲಯಕ್ಕೆ ಹೋಗುವುದು, ಪುರಾಣವನ್ನು ಓದಿ ಹೇಳುವುದು, ಕೇಳಿದವರು ಕೊಟ್ಟ ಕಾಣಿಕೆಯಿಂದ ಜೀವಿಸುವುದು: ಇದೇ ಅವರ ಬಾಳುವೆ. ನಡೆಯುತ್ತಲೇ ತಾಯಿಯು ಮಗಳಿಗೆ ಪಾಠ ಹೇಳಿದಳು. ಬಾಲಿಕೆಯು ಭಾಗವತದ ಸಾವಿರಾರು ಶ್ಲೋಕಗಳನ್ನು ಬಾಯಿಪಾಠ ಮಾಡಿದಳು. ಆದರೆ ಮದರಾಸು ಪ್ರಾಂತ್ಯದಲ್ಲಿ ಬರವು ತಲೆದೋರಲಾಗಿ ಪುರಾಣ ಕೇಳುವವರೂ ಇಲ್ಲ, ಕೊಡುವವರೂ ಇಲ್ಲ. ಒಡವೆಯೂ ಪಾತ್ರೆಯೂ ಮಾರಿಹೋದವು. ಕೂಲಿ ಮಾಡೋಣವೆಂದರೆ ಕೆಲಸವೂ ಗೊತ್ತಿಲ್ಲ, ಕುಲದ ಅಭಿಮಾನವೂ ಬಿಡಲಿಲ್ಲ. ಹನ್ನೊಂದು ದಿನ ಅಡವಿಯಲ್ಲಿ ಎಲೆಯನ್ನೂ ಕಾಡುಹಣ್ಣನ್ನೂ ತಿಂದು ಮರಣವನ್ನು ಎದುರುನೋಡಿದರು. 1874ರಲ್ಲಿ ತಂದೆಯು ತೀರಿಕೊಂಡರು. ಕೆಲವು ವಾರಗಳಲ್ಲಿ ತಾಯಿಯೂ ಹೋದಳು. ತಾಯಿಯ ಹೆಣವನ್ನು ಹೊರಲು ನಾಲ್ವರು ದೊರೆಯದ ಕಾರಣ ಗಿಡ್ಡಳಾದ ರಮಾಬಾಯಿಯು ಚಟ್ಟದ ಒಂದು ಮೂಲೆಯನ್ನು ತಲೆಯ ಮೇಲಿಟ್ಟು ಹೊತ್ತಳು. ಬಳಿಕ ಅಕ್ಕನೂ ಸತ್ತಳು. ನಮ್ಮ ರಾಯಚೂರು ಬಳ್ಳಾರಿ ಸೀಮೆಗಳನ್ನು ಧಾತು ಈಶ್ವರ ಸಂವತ್ಸರಗಳ ಬರವು ಸುಟ್ಟ ಕಾಲಕ್ಕೆ ಇದು ಹತ್ತಿರದ ಮಾತು. ಗುಳೆ ಹೋಗುವ ಮನೆಗಳ ಸಂಕಟವನ್ನು ಕಂಡಿರುವ ನಮಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಉಳಿದವರು ರಮಾಬಾಯಿಯೂ ಅಣ್ಣ ಶ್ರೀನಿವಾಸನೂ ಇಬ್ಬರೇ. ಇವರು ಕಾಶ್ಮೀರದ ತನಕ ಕಾಲುನಡಿಗೆಯಲ್ಲಿ ಅಲೆದು 1878ರಲ್ಲಿ ಕಲ್ಕತ್ತೆಗೆ ಬಂದರು. ಅಲ್ಲಿಯ ವಿದ್ವಾಂಸರು ಈ ಯುವತಿಯ ಸಂಸ್ಕೃತ ಪಾಂಡಿತ್ಯವನ್ನು ಪರೀಕ್ಷಿಸಿ, ಬೆರಗಾಗಿ, ಪಂಡಿತೆ ಎಂದೂ ಸರಸ್ವತಿ ಎಂದೂ ಬಿರುದುಗಳನ್ನು ಕೊಟ್ಟರು. ಧರ್ಮಶಾಸ್ತ್ರಗಳನ್ನು ಓದಿ ಸ್ತ್ರೀಯರಿಗೆ ಅವರ ಧರ್ಮವನ್ನು ಬೋಧಿಸಬೇಕೆಂದು ಕೇಳಿಕೊಂಡರು. ಅವರು ಓದಿದರು, ಓದುತ್ತಾ ಒಂದು ಸಂಗತಿಯನ್ನು ಕಂಡರು. ಅನೇಕ ವಿಷಯಗಳಲ್ಲಿ ಒಂದಕ್ಕೊಂದು ಹೊಂದದ ಆ ಗ್ರಂಥಗಳು ಸ್ತ್ರೀಯರನ್ನೂ ಶೂದ್ರರನ್ನೂ ಹೊರಗಿಡುವುದರಲ್ಲಿ ಮಾತ್ರ ಒಂದಾಗಿದ್ದವು. ಪಂಡಿತೆಯೆಂಬ ಬಿರುದನ್ನು ಹೊತ್ತ ತಮಗೂ, ಅಕ್ಷರ ಕಾಣದ ಕೇರಿಯವನಿಗೂ ಮುಚ್ಚಿದ್ದ ಬಾಗಿಲು ಒಂದೇ ಎಂಬುದು ಅವರಿಗೆ ಆಗ ತಿಳಿಯಿತು.

1880ರಲ್ಲಿ ಅಣ್ಣನು ಢಾಕಾದಲ್ಲಿ ತೀರಿಹೋದನು. ಅದೇ ವರುಷ ರಮಾಬಾಯಿಯವರು ಬಿಪಿನ್ ಬಿಹಾರಿ ದಾಸ್ ಎಂಬ ಬಂಗಾಳಿ ವಕೀಲರನ್ನು ಮದುವೆಯಾದರು. ಅವರು ಶೂದ್ರರೆಂದು ಎಣಿಸಲ್ಪಟ್ಟವರಾದುದರಿಂದ ಇಬ್ಬರ ಕಡೆಯವರೂ ಸಿಟ್ಟಾದರು. ಅಸ್ಸಾಮಿನ ಸಿಲ್ಚಾರಿನಲ್ಲಿದ್ದ ಅವರ ಮನೆಯ ಪುಸ್ತಕಗಳ ನಡುವೆ ಬಂಗಾಳಿ ಭಾಷೆಯ ಲೂಕನ ಸುವಾರ್ತೆಯೊಂದು ರಮಾಬಾಯಿಯವರ ಕೈಗೆ ಸಿಕ್ಕಿತು. ಕ್ರಿಸ್ತನ ಚರಿತ್ರೆಯನ್ನು ಅವರು ಆಸಕ್ತಿಯಿಂದ ಓದಿದ್ದು ಆಗಲೇ. ಆದರೆ 1882ರ ಫೆಬ್ರವರಿಯಲ್ಲಿ ಗಂಡನು ವಾಂತಿಭೇದಿಯಿಂದ ಸತ್ತನು. ಮನೋರಮೆಯೆಂಬ ಎಳೆಗೂಸನ್ನು ಕಂಕುಳಲ್ಲಿಟ್ಟುಕೊಂಡು ಇಪ್ಪತ್ತಮೂರನೆಯ ವಯಸ್ಸಿನಲ್ಲಿ ಅವರು ವಿಧವೆಯಾದರು.

ಅವರು ಪುಣೆಗೆ ಬಂದು ಆರ್ಯ ಮಹಿಳಾ ಸಮಾಜವನ್ನು ಸ್ಥಾಪಿಸಿದರು. ಸರ್ಕಾರವು ನೇಮಿಸಿದ ವಿದ್ಯಾ ಆಯೋಗದ ಮುಂದೆ ನಿಂತು, ಹೆಣ್ಣುಮಕ್ಕಳಿಗೆ ಸ್ತ್ರೀ ಉಪಾಧ್ಯಾಯರೂ ಸ್ತ್ರೀ ವೈದ್ಯರೂ ಅವಶ್ಯವೆಂದು ಸಾಕ್ಷಿ ನುಡಿದರು. ತಾವೇ ವೈದ್ಯವಿದ್ಯೆ ಕಲಿಯಬೇಕೆಂದು 1883ರಲ್ಲಿ ಇಂಗ್ಲೆಂಡಿಗೆ ಹೋದರು. ಕಿವಿ ಮಂದವಾದುದರಿಂದ ಆ ಆಸೆಯು ಕೈಗೂಡಲಿಲ್ಲ. ಆದರೆ ಅಲ್ಲಿ ಅವರು ಬೇರೊಂದನ್ನು ಕಂಡರು. ವಾಂಟೇಜ್ ಊರಿನ ಕ್ರೈಸ್ತ ಸಹೋದರಿಯರು ಅವರನ್ನು ಲಂಡನ್ನಿನ ಬಳಿಯ ಒಂದು ಆಶ್ರಮಕ್ಕೆ ಕಳುಹಿಸಿದರು. ಕೆಟ್ಟವರೆಂದು ಲೋಕವು ಹೊರಗೆ ಹಾಕಿದ ಹೆಂಗಸರನ್ನು ಅಲ್ಲಿ ಸಹೋದರಿಯರು ಹೇಸದೆ ಉಪಚರಿಸುತ್ತಿದ್ದರು. ಇಂಥವರನ್ನು ಹತ್ತಿರ ಸೇರಿಸುವ ಕರುಣೆ ಎಲ್ಲಿಂದ ಬಂತೆಂದು ರಮಾಬಾಯಿಯವರು ವಿಚಾರಿಸಲು, ಸಮಾರ್ಯದ ಸ್ತ್ರೀಯ ಸಂಗತಿಯನ್ನು ಅವರಿಗೆ ಓದಿ ತೋರಿಸಿದರು. ಕೀಳುಜಾತಿಯವಳೆಂದೂ ನಡತೆಗೆಟ್ಟವಳೆಂದೂ ಹೆಸರಾದ ಒಬ್ಬಳ ಹತ್ತಿರ ಕರ್ತನು ಬಾವಿಯ ಬಳಿ ಕುಳಿತು ನೀರು ಕೇಳಿದ್ದೂ, ಅವಳೊಂದಿಗೆ ದೇವಾರಾಧನೆಯ ಮಾತಾಡಿದ್ದೂ ಅವರ ಹೃದಯವನ್ನು ಹಿಡಿಯಿತು. ಶಾಸ್ತ್ರಗಳು ಮುಚ್ಚಿದ ಬಾಗಿಲು ಇಲ್ಲಿ ತೆರೆದಿತ್ತು. 1883ನೆಯ ಸೆಪ್ಟೆಂಬರ್ 29ರಂದು ಅವರೂ ಮಗಳೂ ದೀಕ್ಷಾಸ್ನಾನ ಹೊಂದಿದರು.

ಕ್ರೈಸ್ತರಾದ ಮೇಲೂ ಅವರು ಸೀರೆಯನ್ನಾಗಲಿ ಸಸ್ಯಾಹಾರವನ್ನಾಗಲಿ ಬಿಡಲಿಲ್ಲ. ಮನಸ್ಸಾಕ್ಷಿಗೆ ಒಪ್ಪದ್ದನ್ನು ಬಿಷಪ್ಪರು ಹೇಳಿದರೂ ತಲೆಬಾಗಿ ಸ್ವೀಕರಿಸಲಿಲ್ಲ. ಕ್ರಿಸ್ತನಿಗೆ ಅಧೀನರಾಗುವುದು ಬೇರೆ, ಪರದೇಶದ ರೂಢಿಗೆ ಅಧೀನರಾಗುವುದು ಬೇರೆ ಎಂಬ ವಿವೇಕವು ಅವರಲ್ಲಿತ್ತು. 1886ರಲ್ಲಿ ಅಮೇರಿಕಕ್ಕೆ ಹೋಗಿ, ನಮ್ಮ ದೇಶದ ವಿಧವೆಯರ ಸ್ಥಿತಿಯನ್ನು ಕುರಿತು ಇಂಗ್ಲಿಷಿನಲ್ಲಿ ಪುಸ್ತಕ ಬರೆದರು. ಅಲ್ಲಿಯವರ ಧನಸಹಾಯದಿಂದ 1889ನೆಯ ಮಾರ್ಚ್ 11ರಂದು ಮುಂಬಯಿಯಲ್ಲಿ ಶಾರದಾ ಸದನವೆಂಬ ಶಾಲೆಯನ್ನು ತೆರೆದರು. ಮರುವರುಷ ಅದು ಪುಣೆಗೆ ಹೋಯಿತು. ಅದು ಮೇಲುಜಾತಿಯ ವಿಧವೆಯರಿಗಾಗಿ ಏರ್ಪಟ್ಟಿದ್ದ ಶಾಲೆ. ಅವರವರ ಜಾತಿಯ ಆಚಾರಕ್ಕೆ ಅಲ್ಲಿ ಅಡ್ಡಿಯಿರಲಿಲ್ಲ, ಮತಬೋಧನೆಯೂ ಇರಲಿಲ್ಲ. ರಮಾಬಾಯಿಯವರು ತಮ್ಮ ಕೋಣೆಯಲ್ಲಿ ಮಗಳೊಂದಿಗೆ ಪ್ರಾರ್ಥಿಸುವಾಗ ಬಾಗಿಲನ್ನು ಮಾತ್ರ ಮುಚ್ಚುತ್ತಿರಲಿಲ್ಲ. ಕೆಲವರು ಹುಡುಗಿಯರು ತಾವಾಗಿ ಬಂದು ಕುಳಿತರು. ಇದರಿಂದ 1893ರಲ್ಲಿ ದೊಡ್ಡ ಗದ್ದಲವೆದ್ದಿತು; ಸಲಹೆಗಾರರಾಗಿದ್ದ ಗಣ್ಯರು ಕೈಬಿಟ್ಟರು; ಅನೇಕ ಹುಡುಗಿಯರನ್ನು ಮನೆಯವರು ಕರೆದೊಯ್ದರು. ಆದರೂ ಅವರು ಬಾಗಿಲನ್ನು ಮುಚ್ಚಲಿಲ್ಲ, ಯಾರನ್ನೂ ಬಲವಂತಪಡಿಸಲೂ ಇಲ್ಲ.

ಇನ್ನು 1896ರ ಬರವು ಬಂತು. ಮಧ್ಯಪ್ರಾಂತ್ಯದಲ್ಲಿ ಹೆಣ್ಣುಮಕ್ಕಳು ಹಸಿವಿನಿಂದ ಸಾಯುತ್ತಿದ್ದಾರೆ, ಕೆಲವರು ದುಷ್ಟರ ಕೈಗೆ ಮಾರಲ್ಪಡುತ್ತಿದ್ದಾರೆ ಎಂಬ ಸುದ್ದಿಯನ್ನು ಕೇಳಿ, ಅಡವಿಯಲ್ಲಿ ಎಲೆ ತಿಂದ ದಿನಗಳು ಅವರ ನೆನಪಿಗೆ ಬಂದವು. ಅವರು ತಾವೇ ಅಲ್ಲಿಗೆ ಹೋಗಿ ಮುನ್ನೂರು ಮಂದಿ ಹುಡುಗಿಯರನ್ನು ತರಲು ಉದ್ಯುಕ್ತರಾದರು. ಹಸಿದವಳ ಜಾತಿಯನ್ನು ಕೇಳುತ್ತಾ ನಿಲ್ಲಲು ಈಗ ಹೊತ್ತಿಲ್ಲ. ಮೇಲುಜಾತಿಯವರಿಗೆಂದು ಆರಂಭವಾದ ಕೆಲಸವು ಈ ಬರದಲ್ಲಿ ಎಲ್ಲ ಜಾತಿಯ ಹೆಣ್ಣುಮಕ್ಕಳ ಕೆಲಸವಾಯಿತು. ಈ ಅಮ್ಮನವರ ಜೀವಮಾನದಲ್ಲಿ ನಾವು ಮುಖ್ಯವಾಗಿ ಗಮನಿಸತಕ್ಕದ್ದು ಇದನ್ನೇ: ಅವರ ನಂಬಿಕೆ ಬೆಳೆದಂತೆಲ್ಲಾ ಅವರ ಅಂಗಳವೂ ಅಗಲವಾಯಿತು. ಪುಣೆಯಲ್ಲಿ ಪ್ಲೇಗು ಇದ್ದುದರಿಂದ ಈ ಮಕ್ಕಳನ್ನು ಕೇಡಗಾಂವಿನಲ್ಲಿ ತಾವು ಕೊಂಡಿದ್ದ ಹೊಲದಲ್ಲಿ ಇಳಿಸಿದರು. ರಾಯಚೂರಿನಿಂದ ಕಲಬುರಗಿ, ಸೊಲ್ಲಾಪುರಗಳ ಮೇಲೆ ಪುಣೆಗೆ ಹೋಗುವ ರೈಲುದಾರಿಯಲ್ಲಿಯೇ ಆ ಊರು ಇದೆ; ಕೂಲಿಗೆಂದು ಪುಣೆ ಮುಂಬಯಿಗಳಿಗೆ ಹೋಗುವ ನಮ್ಮವರು ಅದನ್ನು ದಾಟಿಯೇ ಹೋಗುತ್ತಾರೆ. ಆ ನೆಲೆಗೆ ಮುಕ್ತಿಯೆಂದು ಹೆಸರಾಯಿತು. 1900ರ ಬರದಲ್ಲಿ ಗುಜರಾತಿನಿಂದಲೂ ರಾಜಪುತಾನದಿಂದಲೂ ಮಕ್ಕಳು ಬರಲಾಗಿ ಅಲ್ಲಿದ್ದವರು ಹೆಚ್ಚು ಕಡಿಮೆ ಎರಡು ಸಾವಿರವಾದರು.

ಅಲ್ಲಿ ಅನ್ನವನ್ನು ಮಾತ್ರ ಹಾಕಲಿಲ್ಲ. ಕೈಕೆಲಸ ಗೊತ್ತಿಲ್ಲದೆ ಉಪವಾಸ ಬಿದ್ದ ತಮ್ಮ ಕುಟುಂಬದ ಗತಿಯನ್ನು ರಮಾಬಾಯಿಯವರು ಮರೆತಿರಲಿಲ್ಲ. ಆದಕಾರಣ ಓದುಬರಹದ ಜೊತೆಗೆ ನೇಯ್ಗೆ, ಹೊಲಿಗೆ, ಎಣ್ಣೆ ತೆಗೆಯುವುದು, ಹೈನು, ಹೊಲದ ಕೆಲಸ, ಅಚ್ಚಿನ ಕೆಲಸ ಇವೆಲ್ಲವನ್ನೂ ಕಲಿಸಿದರು. ಕೆಟ್ಟವರೆನಿಸಿಕೊಂಡ ಹೆಂಗಸರಿಗೆ ಕೃಪಾ ಸದನವನ್ನು ಕಟ್ಟಿಸಿದರು. ಮಗಳು ಮನೋರಮಾಬಾಯಿಯವರು ಕುರುಡ ಹುಡುಗಿಯರಿಗೆ ಬೆರಳಿನಿಂದ ಮುಟ್ಟಿ ಓದುವ ಬ್ರೇಲ್ ಅಕ್ಷರಗಳನ್ನು ಕಲಿಸಿದರು. ಈ ತಾಯಿಮಕ್ಕಳ ಪ್ರಯತ್ನದಿಂದಲೇ 1912ರ ಸುಮಾರಿಗೆ, ನಿಜಾಮರ ಆಳಿಕೆಯಲ್ಲಿದ್ದ ನಮ್ಮ ಕಲಬುರಗಿಯಲ್ಲಿ ಒಂದು ಕ್ರೈಸ್ತ ಪ್ರೌಢಶಾಲೆಯು ಹುಟ್ಟಿತು.

ಕಡೆಯ ವರುಷಗಳಲ್ಲಿ ಅವರು ಸತ್ಯವೇದವನ್ನು ಇಬ್ರಿಯ ಗ್ರೀಕ್ ಮೂಲಗಳಿಂದ ಸುಲಭವಾದ ಮರಾಠಿಗೆ ತಿರುಗಿಸಲು ಕೈಹಾಕಿದರು. ಸಂಸ್ಕೃತದಲ್ಲಿ ಪಂಡಿತೆಯೆನಿಸಿದವರು ಸಂಸ್ಕೃತದ ಕಠಿನ ಶಬ್ದಗಳನ್ನು ಬದಿಗಿಟ್ಟು, ಹಳ್ಳಿಯ ಹೆಂಗಸಿಗೆ ತಿಳಿಯುವ ಮಾತುಗಳನ್ನು ಆರಿಸಿಕೊಂಡರು. ಮುಕ್ತಿಯ ಹೆಣ್ಣುಮಕ್ಕಳೇ ಮೊಳೆ ಜೋಡಿಸಿ ಅದನ್ನು ಅಚ್ಚು ಹಾಕಿದರು. 1921ರ ಜುಲೈ ತಿಂಗಳಲ್ಲಿ ಮನೋರಮಾಬಾಯಿಯವರು ತೀರಿಕೊಂಡರು. ಆ ದುಃಖವನ್ನು ಹೊತ್ತುಕೊಂಡೇ ತಾಯಿಯು ಭಾಷಾಂತರವನ್ನು ಮುಗಿಸಿ, 1922ನೆಯ ಏಪ್ರಿಲ್ 5ರಂದು ಕರ್ತನಲ್ಲಿ ನಿದ್ರೆ ಹೋದರು. ಮುಕ್ತಿಯ ಕೆಲಸವು ಇಂದಿಗೂ ನಡೆಯುತ್ತಿದೆ.

ಸಭೆಯವರೇ, ಇದನ್ನು ಓದಿ ಮೆಚ್ಚಿ ಪುಸ್ತಕವನ್ನು ಮುಚ್ಚಿದರೆ ಪ್ರಯೋಜನವಿಲ್ಲ. ಪೂರ್ವ ಬಂಗಾಳದಲ್ಲಿ ಮನೆಮಾರುಗಳನ್ನು ಬಿಟ್ಟು ಬಂದು ಆರ್.ಎಚ್. ಕ್ಯಾಂಪುಗಳಲ್ಲಿ ನೆಲೆನಿಂತ ಕುಟುಂಬಗಳು ನಮ್ಮ ನೆರೆಯಲ್ಲಿವೆ. ಸಿಂಧನೂರು, ಲಿಂಗಸುಗೂರು, ಮಸ್ಕಿಗಳ ಹಳ್ಳಿಗಳಲ್ಲಿ ಗಂಡನು ಬಿಟ್ಟುಹೋದವರುಂಟು. ತಂದೆತಾಯಿಗಳೊಂದಿಗೆ ಗುಳೆ ಹೋಗಿ ಶಾಲೆ ತಪ್ಪಿದ ಮಕ್ಕಳುಂಟು. ಹೆಣ್ಣುಮಕ್ಕಳನ್ನು ದೇವದಾಸಿಯರನ್ನಾಗಿ ಬಿಡುವುದನ್ನು 1982ರ ಕಾನೂನು ನಿಷೇಧಿಸಿದರೂ, ಹಾಗೆ ಬಿಡಲ್ಪಟ್ಟವರ ತಲೆಯ ಮೇಲಿನ ಅವಮಾನವನ್ನು ಕಾನೂನು ಒಂದೇ ಇಳಿಸಲಾರದು. ಇವರು ನಮ್ಮ ದೇವಾಲಯಕ್ಕೆ ಬಂದರೆ ಚಾಪೆಯಲ್ಲಿ ಎಲ್ಲಿ ಕೂರಿಸುತ್ತೇವೆ? ನಮ್ಮ ನಮ್ಮೊಳಗೇ ಹೆಚ್ಚು ಕಡಿಮೆಯೆಂದು ಎಣಿಸುವ ಹಳೆಯ ರೂಢಿಯನ್ನು ಬಿಟ್ಟಿದ್ದೇವೋ? ರಮಾಬಾಯಿಯವರ ಹತ್ತಿರ ಹೊಲವೂ ಹಣವೂ ಸಹಾಯಕರೂ ಇದ್ದರು, ನಮ್ಮಲ್ಲಿ ಏನಿದೆ ಎಂದು ಯಾರೂ ಹಿಂಜರಿಯಬಾರದು. ಮೊದಲು ಅವರ ಹತ್ತಿರ ಇದ್ದದ್ದು ಹಸಿವಿನ ನೆನಪು, ಮುಚ್ಚದ ಒಂದು ಬಾಗಿಲು, ಇಷ್ಟೇ. ಹಸಿವಿನ ನೆನಪು ನಮಗೂ ಉಂಟು. ಬಾಗಿಲು ತೆರೆಯುವುದು ನಮ್ಮ ಕೈಯಲ್ಲಿದೆ. ಅದಕ್ಕೆ ಬೇಕಾದ ಮನಸ್ಸನ್ನು ಕರ್ತನು ನಮ್ಮ ಎಲ್ಲ ಸಭೆಗಳಿಗೂ ಅನುಗ್ರಹಿಸಲಿ.