ಬೀರಿನ ನೆಲಮಾಳಿಗೆಗೆ ಚಳಿ ತಂದ ಕಾರ್ಲ್ ಲಿಂಡೆ

ಬೆದೆಗೆ ಬಂದ ಹಸುವನ್ನು ಪಶು ಆಸ್ಪತ್ರೆಗೆ ಹೊಡೆದುಕೊಂಡು ಹೋದಾಗ ವೈದ್ಯರು ಒಂದು ಅಲ್ಯೂಮಿನಿಯಂ ಜಾಡಿಯ ಮುಚ್ಚಳ ತೆಗೆಯುವುದನ್ನು ನೀವು ನೋಡಿರುತ್ತೀರಿ. ಒಳಗಿನಿಂದ ಬಿಳಿ ಹೊಗೆ ಏಳುತ್ತದೆ. ಅದು ನಿಜವಾಗಿ ಹೊಗೆಯಲ್ಲ, ಗಾಳಿಯ ತೇವ ಮಂಜಾಗಿ ಕಾಣುವುದು. ಜಾಡಿಯೊಳಗೆ ಇರುವುದು ಸೊನ್ನೆಗಿಂತ 196 ಡಿಗ್ರಿ ಸೆಂಟಿಗ್ರೇಡ್ ಕೆಳಗಿನ ದ್ರವ ಸಾರಜನಕ. ಹೋರಿಯ ವೀರ್ಯ ವರ್ಷಗಟ್ಟಲೆ ಕೆಡದೆ ಉಳಿಯುವುದು ಅದರ ಚಳಿಯಲ್ಲಿ. ಗಾಳಿಯನ್ನೇ ಹೀಗೆ ನೀರು ಮಾಡುವ ಕಾರ್ಖಾನೆಗಳಿಗೆ ದಾರಿ ತೋರಿಸಿದ ಜರ್ಮನಿಯ ಕಾರ್ಲ್ ಲಿಂಡೆ, ಚಳಿಯ ಕೆಲಸಕ್ಕೆ ಕೈ ಹಾಕಿದ್ದು ಬೀರು ಹುದುಗುವ ನೆಲಮಾಳಿಗೆಗಳಿಗಾಗಿ ಎಂದರೆ ನಿಮಗೆ ಸೋಜಿಗವಾಗಬಹುದು.

ಲಿಂಡೆ ಹುಟ್ಟಿದ್ದು 1842ರ ಜೂನ್ 11ರಂದು, ಬವೇರಿಯಾ ಪ್ರಾಂತದ ಬೆರ್ನ್‌ಡಾರ್ಫ್ ಹಳ್ಳಿಯಲ್ಲಿ. ತಂದೆ ಪಾದ್ರಿ. ಮಗನೂ ಅದೇ ಹಾದಿ ಹಿಡಿಯಲಿ ಎಂಬುದು ಮನೆಯವರ ಆಸೆ. ಹುಡುಗನಿಗೆ ಯಂತ್ರಗಳ ಹುಚ್ಚು. 1861ರಲ್ಲಿ ಜ್ಯೂರಿಕ್ ನಗರದ ತಾಂತ್ರಿಕ ಕಾಲೇಜು ಸೇರಿದ. 1864ರಲ್ಲಿ ವಿದ್ಯಾರ್ಥಿಗಳ ಪ್ರತಿಭಟನೆಯೊಂದರಲ್ಲಿ ಭಾಗವಹಿಸಿದ್ದಕ್ಕೆ ಕಾಲೇಜಿನಿಂದ ಹೊರಹಾಕಿದರು. ಪದವಿ ಕೈಗೆ ಬರಲಿಲ್ಲ. ಗುರುವೊಬ್ಬರ ಕೃಪೆಯಿಂದ ಹತ್ತಿಗಿರಣಿಯಲ್ಲಿ ಕೆಲಸ ಕಲಿತು, ರೈಲು ಎಂಜಿನ್ ಕಾರ್ಖಾನೆಗಳಲ್ಲಿ ನಕ್ಷೆ ಬರೆದು, 1868ರಲ್ಲಿ ಮ್ಯೂನಿಕ್‌ನ ಹೊಸ ತಾಂತ್ರಿಕ ಕಾಲೇಜಿನಲ್ಲಿ ಅಧ್ಯಾಪಕನಾದ. ಪದವಿ ಇಲ್ಲದವನಿಗೆ ಪಾಠ ಹೇಳುವ ಹುದ್ದೆ!

ಇನ್ನು ಬೀರಿನ ಮಾತು. ಬಾರ್ಲಿಯನ್ನು ಮೊಳಕೆ ಬರಿಸಿ, ಒಣಗಿಸಿ, ನುಚ್ಚು ಮಾಡಿ, ಬಿಸಿನೀರಿನಲ್ಲಿ ಕದಡಿ ಸಿಹಿ ರಸ ತೆಗೆಯುತ್ತಾರೆ. ಕುದಿಸಿ ಆರಿಸಿದ ಆ ರಸಕ್ಕೆ ಯೀಸ್ಟ್ ಬೆರೆಸುತ್ತಾರೆ. ಯೀಸ್ಟ್ ಸಕ್ಕರೆಯನ್ನು ತಿಂದು ಮದ್ಯಸಾರ ಮಾಡುತ್ತದೆ, ಜೊತೆಗೆ ಶಾಖವನ್ನೂ ಬಿಡುತ್ತದೆ. ತಿಪ್ಪೆಗುಂಡಿಯೊಳಗೆ ಕೈ ಇಟ್ಟರೆ ಬಿಸಿ ತಾಗುವುದಿಲ್ಲವೇ, ಹಾಗೆ. ಬೇಸಿಗೆಯಲ್ಲಿ ಇಡ್ಲಿ ಹಿಟ್ಟು ಬೇಗ ಹುಳಿ ಬರುವುದು ನಿಮ್ಮ ಮನೆಯವರಿಗೆ ಗೊತ್ತು. ಬವೇರಿಯಾದ ಬೀರಿನ ಯೀಸ್ಟ್ ಪಾತ್ರೆಯ ತಳದಲ್ಲಿ ಕೂತು, 5ರಿಂದ 10 ಡಿಗ್ರಿಯ ತಂಪಿನಲ್ಲಿ ನಿಧಾನವಾಗಿ ಕೆಲಸ ಮಾಡುವಂಥದು. ಬಿಸಿಯೇರಿದರೆ ರುಚಿ ಕೆಡುತ್ತದೆ, ಬೇಡದ ಸೂಕ್ಷ್ಮಜೀವಿಗಳು ಸೇರಿ ಹುಳಿ ಬರುತ್ತದೆ. ಈ ಕಾರಣಕ್ಕೇ 1553ರಲ್ಲಿ ಅಲ್ಲಿನ ಅರಸರು ಸೆಪ್ಟೆಂಬರ್ 29ರಿಂದ ಏಪ್ರಿಲ್ 23ರವರೆಗೆ ಮಾತ್ರ ಬೀರು ಕಾಯಿಸಬೇಕೆಂದು ಕಟ್ಟಳೆ ಮಾಡಿದ್ದರು. ಲಿಂಡೆಯ ಕಾಲದಲ್ಲಿ ಚಳಿಗಾಲದ ಕೆರೆಗಳಿಂದ ಮಂಜುಗಡ್ಡೆ ಕೊಯ್ದು, ಗಾಡಿಯಲ್ಲಿ ಹೇರಿ, ನೆಲಮಾಳಿಗೆಗೆ ತುಂಬುತ್ತಿದ್ದರು. ಚಳಿ ಸರಿಯಾಗಿ ಬೀಳದ ವರ್ಷ ಮಂಜೂ ಇಲ್ಲ, ಬೀರೂ ಇಲ್ಲ. ಮಳೆ ನಂಬಿದ ನಮ್ಮ ಬೇಸಾಯದ ಪಾಡೇ ಅವರದೂ.

ಶೈತ್ಯಯಂತ್ರ ಮೊದಲು ಮಾಡಿದವನು ಲಿಂಡೆಯಲ್ಲ. ಆಸ್ಟ್ರೇಲಿಯದಲ್ಲಿ ಜೇಮ್ಸ್ ಹ್ಯಾರಿಸನ್ 1850ರ ದಶಕದಲ್ಲೇ ಒಂದನ್ನು ನಡೆಸಿದ್ದ. ಲಿಂಡೆ ಮಾಡಿದ್ದು ಬೇರೆ ಕೆಲಸ: ಒಂದಿಷ್ಟು ಶಾಖ ಹೊರತೆಗೆಯಲು ಎಷ್ಟು ಶಕ್ತಿ ಸಾಕು ಎಂದು ಕಾಗದದ ಮೇಲೆ ಲೆಕ್ಕ ಹಾಕಿ, ಆಗಿನ ಯಂತ್ರಗಳು ಎಷ್ಟು ಪೋಲು ಮಾಡುತ್ತಿವೆ ಎಂದು ತೋರಿಸಿದ. 1870-71ರಲ್ಲಿ ಅಚ್ಚಾದ ಆ ಲೇಖನ ಬೀರು ತಯಾರಕರ ಕಣ್ಣಿಗೆ ಬಿತ್ತು. ಮ್ಯೂನಿಕ್‌ನ ಸ್ಪಾಟೆನ್ ಕಾರ್ಖಾನೆಯ ಗೇಬ್ರಿಯಲ್ ಜೆಡ್ಲ್‌ಮಾಯರ್ ಪ್ರಯೋಗಕ್ಕೆ ಜಾಗ ಕೊಟ್ಟ. ಆಗ್ಸ್‌ಬರ್ಗ್‌ನ ಯಂತ್ರ ಕಾರ್ಖಾನೆ ಯಂತ್ರ ಕಟ್ಟಿಕೊಟ್ಟಿತು. ಮೊದಲ ಯಂತ್ರದಲ್ಲಿ ಬಳಸಿದ್ದು ಮೀಥೈಲ್ ಈಥರ್. ಒತ್ತಿದ ಅನಿಲ ಸೋರುತ್ತಿತ್ತು. ಆ ಸೋರಿಕೆಯೊಂದಿಗೆ ಗುದ್ದಾಡಿ, ಅದನ್ನು ಬಿಟ್ಟು, ಎರಡನೆಯ ಯಂತ್ರಕ್ಕೆ ಅಮೋನಿಯಾ ಆರಿಸಿದ. 1877ರಲ್ಲಿ ಟ್ರಿಯೆಸ್ಟ್ ಬಂದರಿನ ಡ್ರೆಹರ್ ಬೀರು ಕಾರ್ಖಾನೆಯಲ್ಲಿ ಕೂತ ಅಮೋನಿಯಾ ಯಂತ್ರ 1908ರವರೆಗೂ ತಿರುಗಿತು.

ಅದರ ಮರ್ಮ ನಿಮ್ಮ ಮನೆಯ ಮಣ್ಣಿನ ಗಡಿಗೆಯಲ್ಲೇ ಇದೆ. ನೀರು ಆವಿಯಾಗುವಾಗ ಗಡಿಗೆಯ ಶಾಖ ಕದ್ದೊಯ್ಯುತ್ತದೆ. ಲಿಂಡೆ ನೀರಿನ ಬದಲು ದ್ರವ ಅಮೋನಿಯಾವನ್ನು ಕೊಳವೆಯಲ್ಲಿ ಆವಿಯಾಗಲು ಬಿಟ್ಟ. ಆ ಆವಿಯನ್ನು ಪಂಪು ಎಳೆದು ಒತ್ತುತ್ತದೆ, ಒತ್ತಿದಾಗ ಬಿಸಿಯಾಗುತ್ತದೆ. ಹೊರಗಡೆ ತಣ್ಣೀರು ಹಾಯಿಸಿ ಆ ಬಿಸಿ ಕಳೆದರೆ ಮತ್ತೆ ದ್ರವ. ಗಾಣದೆತ್ತಿನಂತೆ ಅದೇ ಅಮೋನಿಯಾ ಸುತ್ತುತ್ತಿರುತ್ತದೆ. ಈಗ ಅಮೆರಿಕದಲ್ಲಿ ಮನೆಯಲ್ಲೇ ಬೀರು ಹುದುಗಿಸುವ ಹವ್ಯಾಸಿಗಳು ಹಳೆಯ ಫ್ರಿಜ್ಜಿಗೆ ಥರ್ಮೋಸ್ಟಾಟ್ ಕಟ್ಟಿ ತಂಪು ಪೆಟ್ಟಿಗೆ ಮಾಡಿಕೊಳ್ಳುವುದೂ ಈ ತತ್ವದ ಮೇಲೆಯೇ. ಅಲ್ಲಿಯೂ ಜಾಣರು ಶಾಖ ಅಳೆಯುವ ಕಡ್ಡಿಯನ್ನು ಗಾಳಿಯಲ್ಲಿ ತೂಗುಬಿಡದೆ ಪಾತ್ರೆಯ ಮೈಗೆ ಒತ್ತಿ ಕಟ್ಟುತ್ತಾರೆ, ಏಕೆಂದರೆ ಹುದುಗುವ ರಸ ಸುತ್ತಲಿನ ಗಾಳಿಗಿಂತ ಬಿಸಿ. (ನಮ್ಮಲ್ಲಿ ಪರವಾನಗಿ ಇಲ್ಲದೆ ಮದ್ಯ ತಯಾರಿಸುವುದು ಅಪರಾಧ, ಅದು ನೆನಪಿರಲಿ.)

1879ರಲ್ಲಿ ಲಿಂಡೆ ಭದ್ರವಾದ ಪ್ರಾಧ್ಯಾಪಕ ಹುದ್ದೆ ಬಿಟ್ಟು ವೀಸ್‌ಬಾಡೆನ್‌ನಲ್ಲಿ ಕಂಪನಿ ಕಟ್ಟಿದ. ವಯಸ್ಸು 37, ಸಂಸಾರಸ್ಥ. ಕೆರೆಯ ಮಂಜು ಅಗ್ಗಕ್ಕೆ ಸಿಗುವಾಗ ದುಬಾರಿ ಯಂತ್ರ ಏಕೆ ಎನ್ನುವವರೇ ಬಹಳ ಇದ್ದರು. 1883-84ರ ಚಳಿಗಾಲ ಯುರೋಪಿನಲ್ಲಿ ಬೆಚ್ಚಗೆ ಕಳೆಯಿತು, ಕೆರೆಗಳು ಹೆಪ್ಪುಗಟ್ಟಲಿಲ್ಲ. ಆಮೇಲೆ ಯಂತ್ರ ಕೇಳಿ ಬೀರಿನವರೇ ಬಂದರು.

ಲಿಂಡೆಯ ಪಾಠ ಕೇಳಿದವರಲ್ಲಿ ರುಡಾಲ್ಫ್ ಡೀಸೆಲ್ ಒಬ್ಬ. ಮೊದಲು ಗುರುವಿನ ಶೈತ್ಯಯಂತ್ರಗಳ ಕೆಲಸಕ್ಕೇ ಪ್ಯಾರಿಸ್ಸಿಗೆ ಹೋದ. ನಿಮ್ಮ ಡೀಸೆಲ್ ಪಂಪ್‌ಸೆಟ್ಟಿನ ಮೂಲ ಆತನ ಎಂಜಿನ್.

1895ರಲ್ಲಿ ಲಿಂಡೆ ಗಾಳಿಯನ್ನೇ ದ್ರವ ಮಾಡಿದ. ಬಲವಾಗಿ ಒತ್ತಿದ ಗಾಳಿಯನ್ನು ಸಣ್ಣ ಕಂಡಿಯಿಂದ ಬಿಟ್ಟರೆ ತುಸು ತಣ್ಣಗಾಗುತ್ತದೆ. ಆ ತಣ್ಣನೆಯ ಗಾಳಿಯಿಂದ ಒಳಬರುವ ಗಾಳಿಯನ್ನು ತಂಪು ಮಾಡುತ್ತಾ ಹೋದರೆ ಕೊನೆಗೆ ಹನಿ ಬೀಳುತ್ತದೆ. ದ್ರವ ಗಾಳಿಯಲ್ಲಿ ಸಾರಜನಕ ಮೊದಲು ಆವಿಯಾಗುತ್ತದೆ, ಆಮ್ಲಜನಕ ಆಮೇಲೆ. 1902ರಲ್ಲಿ ಈ ವ್ಯತ್ಯಾಸದಿಂದಲೇ ಶುದ್ಧ ಆಮ್ಲಜನಕ ಬೇರ್ಪಡಿಸಿದ. 1934ರ ನವೆಂಬರ್ 16ರಂದು ಮ್ಯೂನಿಕ್‌ನಲ್ಲಿ ತೀರಿಕೊಂಡಾಗ ಅವನಿಗೆ 92 ವರ್ಷ.

ನಮ್ಮ ಹಾಲಿನ ಡೇರಿಗಳಲ್ಲಿ, ಆಲೂಗಡ್ಡೆಯ ಶೀತಲಗೃಹಗಳಲ್ಲಿ ಇಂದಿಗೂ ಅಮೋನಿಯಾ ಯಂತ್ರಗಳು ನಡೆಯುತ್ತಿವೆ. ಪಶು ಆಸ್ಪತ್ರೆಯ ಜಾಡಿಯಲ್ಲಿ ಮಾತ್ರ ಯಂತ್ರವಿಲ್ಲ. ಅದರ ಸಾರಜನಕ ದಿನದಿನಕ್ಕೂ ಆರುತ್ತದೆ, ಆಗಾಗ ತುಂಬಿಸಬೇಕು. ಮಟ್ಟ ಇಳಿದು ವೀರ್ಯದ ಕಡ್ಡಿಗಳು ದ್ರವದಿಂದ ಹೊರಗೆ ಉಳಿದರೆ ಕೆಟ್ಟಂತೆಯೇ. ಮುಂದಿನ ಸಲ ಮುಚ್ಚಳ ತೆಗೆದಾಗ ಬಿಳಿ ಮಂಜು ಕಾಣದಿದ್ದರೆ, ಹಸುವಿಗೆ ಚುಚ್ಚಿಸುವ ಮೊದಲು ವೈದ್ಯರನ್ನು ಒಂದು ಮಾತು ಕೇಳಿ.